ಚಲಚ್ಚಿತ್ರದ ನುಡಿ ಮತ್ತು ಗ್ರಂಥಸ್ವಾಮ್ಯ

ಕಿರುನುಡಿಗಳಿಗೆ ಗ್ರಂಥಸ್ವಾಮ್ಯವಿಲ್ಲವೆಂಬುದು ಅಮೆರಿಕದ ನ್ಯಾಯಶಾಸ್ತ್ರದ ಸಾಮಾನ್ಯ ನಿಯಮ. ಆದರೂ ‘ಇ.ಟಿ.’ ಎಂಬ ಚಲಚ್ಚಿತ್ರದಲ್ಲಿ ಅನ್ಯಲೋಕದ ಜೀವಿಯು ಮನೆಗೆ ದೂರವಾಣಿ ಮಾಡಬೇಕೆಂದು ತೊದಲುವ ಮಾತನ್ನು ಅನುಮತಿಯಿಲ್ಲದೆ ಕುಡಿಯುವ ಬಟ್ಟಲು ಮೊದಲಾದ ಸರಕುಗಳ ಮೇಲೆ ಅಚ್ಚೊತ್ತಿದುದನ್ನು, 1982ರಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯವು ಸ್ವಾಮ್ಯಭಂಗವೆಂದೆಣಿಸಿತು. ಸಾಮಾನ್ಯ ಪ್ರೇಕ್ಷಕನೂ ಅದನ್ನು ಆ ಚಿತ್ರದ ಮುಖ್ಯ ಸಂಭಾಷಣೆಯೆಂದು ಗುರುತಿಸುವನೆಂಬುದು ಅಲ್ಲಿಯ ಯುಕ್ತಿ.

ಈ ಯುಕ್ತಿಯು ಪರಿಶೀಲನಾರ್ಹವಾಗಿದೆ. ನುಡಿಯ ವಾಚ್ಯಾರ್ಥವು ಲೋಕಸಾಧಾರಣವಾದುದು. ಪಾತ್ರಸಂದರ್ಭಗಳಿಂದ ಹೊಮ್ಮುವ ಧ್ವನಿಯು ಮಾತ್ರ ಕೃತಿಗೆ ಸೇರಿದುದು. ರಕ್ಷಣೆಯು ಆ ಧ್ವನಿಗೆಂದರೆ ತೀರ್ಪು ಸಮಂಜಸವೇ ಸರಿ. ಆದರೆ ಬರಿಯ ಪರಿಚಿತತೆಯನ್ನೇ ಪ್ರಮಾಣವಾಗಿ ಹಿಡಿದಲ್ಲಿ, ಜನರ ನಾಲಗೆಯ ಮೇಲೆ ನೆಲೆಗೊಂಡಷ್ಟೂ ಮಾತು ಜನರ ಕೈತಪ್ಪಿಹೋಗುವುದು. ಆದುದರಿಂದ ಸರಕಿನ ಮೇಲಣ ನುಡಿಯು ಪಾತ್ರವನ್ನು ಕಣ್ಮುಂದೆ ತರುವುದೋ ಇಲ್ಲವೋ ಎಂಬುದೇ ತಕ್ಕ ಪರೀಕ್ಷೆ.