ದುಭಾಷಿಯ ಕೊಲೆ ಮತ್ತು ಇಬ್ಬರು ಚರಿತ್ರೆಕಾರ್ತಿಯರು

ನಾವು ಶಾಲೆಯಲ್ಲಿ ಓದಿದ ಅಮೆರಿಕದ ಚರಿತ್ರೆ ಕೊಲಂಬಸನ ಹಡಗಿನಿಂದ ಇಳಿದು ಒಂದೇ ನೆಗೆತಕ್ಕೆ ವಾಷಿಂಗ್ಟನ್‌ನ ಕುದುರೆ ಏರುತ್ತದೆ. ನಡುವಿನ ಸುಮಾರು ಮುನ್ನೂರು ವರ್ಷಗಳಲ್ಲಿ ಅಲ್ಲಿ ಯಾರು ಯಾರ ನೆರೆಯಲ್ಲಿ ಬದುಕಿದರು, ಯಾಕೆ ಕಾದಾಡಿದರು ಎಂಬುದು ನಮಗೆ ಗೊತ್ತಿಲ್ಲ. ಈ ಕಾಲದ ಒಂದೇ ಯುದ್ಧದ ಬಗ್ಗೆ ಇಪ್ಪತ್ತು ವರ್ಷಗಳ ಅಂತರದಲ್ಲಿ ಬಂದ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದರೆ, ಇಬ್ಬರು ವಿದುಷಿಯರ ನಡುವೆ ನಡೆದ ಜಗಳವಿಲ್ಲದ ವಾಗ್ವಾದವನ್ನು ಕೇಳಿದಂತಾಗುತ್ತದೆ. ಒಂದು ಜಿಲ್ ಲೆಪೋರ್ ಅವರ ‘ದ ನೇಮ್ ಆಫ್ ವಾರ್’ (1998). ಇನ್ನೊಂದು ಅಬೆನಾಕಿ ಮೂಲದ ಲೀಸಾ ಬ್ರೂಕ್ಸ್ ಅವರ ‘ಅವರ್ ಬಿಲವೆಡ್ ಕಿನ್’ (2018). ಎರಡಕ್ಕೂ ಬ್ಯಾಂಕ್ರಾಫ್ಟ್ ಪ್ರಶಸ್ತಿ ಬಂದಿದೆ.

ಯುದ್ಧದ ಮೊದಲ ಹೆಣ ಒಬ್ಬ ದುಭಾಷಿಯದು. ಜಾನ್ ಸಸಮನ್ ಮೂಲನಿವಾಸಿ, ಕ್ರೈಸ್ತ. ಹಾರ್ವರ್ಡಿನಲ್ಲಿ ಕೆಲಕಾಲ ಓದಿದವನು. ವಾಂಪನೋಗ್ ಜನರ ನಾಯಕ ಮೆಟಾಕಾಮನಿಗೆ ಪತ್ರ ಬರೆದುಕೊಡುತ್ತಿದ್ದ, ಇಂಗ್ಲಿಷರಿಗೂ ಬೇಕಾದವನಾಗಿದ್ದ. ಮೆಟಾಕಾಮ್ ಯುದ್ಧಕ್ಕೆ ಸಿದ್ಧನಾಗುತ್ತಿದ್ದಾನೆಂದು ಪ್ಲಿಮತ್‌ನ ಗವರ್ನರನಿಗೆ ಸುದ್ದಿ ಮುಟ್ಟಿಸಿದ ಕೆಲವೇ ದಿನಗಳಲ್ಲಿ, 1675ರ ಜನವರಿಯಲ್ಲಿ ಸತ್ತ. ಹೆಪ್ಪುಗಟ್ಟಿದ ಕೆರೆಯ ಮಂಜಿನಡಿ ಅವನ ಹೆಣ ಸಿಕ್ಕಿತು. ಜೂನ್ ತಿಂಗಳಲ್ಲಿ ಮೂವರು ವಾಂಪನೋಗರನ್ನು ಇಂಗ್ಲಿಷ್ ಕೋರ್ಟು ಗಲ್ಲಿಗೆ ಕಳಿಸಿತು. ಅದೇ ತಿಂಗಳು ಊರುಗಳಿಗೆ ಬೆಂಕಿ ಬಿತ್ತು.

ಅಕ್ಷರ ಕಲಿತದ್ದೇ ಸಸಮನ್‌ನ ಜೀವಕ್ಕೆ ಎರವಾಯಿತು ಎಂಬುದು ಲೆಪೋರ್ ಅವರ ವಾದ. ಎರಡೂ ಕಡೆಯ ಮಾತು ಬಲ್ಲವನನ್ನು ಎರಡೂ ಕಡೆಯವರು ನಂಬುವುದಿಲ್ಲ. ಒಂದು ಶಾಲೆಯಲ್ಲಿ ಉರ್ದು, ಇನ್ನೊಂದರಲ್ಲಿ ಕನ್ನಡ ಕಲಿತ ನನ್ನಂಥವರಿಗೆ ಈ ವಾದ ಕೂಡಲೇ ಹಿಡಿಸುತ್ತದೆ. ಬೇಗ ಹಿಡಿಸುವುದರಿಂದಲೇ ಅದನ್ನು ತುಸು ಅನುಮಾನದಿಂದ ನೋಡಬೇಕು. ಲೆಪೋರ್ ಅವರ ಮುಖ್ಯ ಪ್ರಶ್ನೆ, ಯುದ್ಧದ ಬಗ್ಗೆ ಇಂಗ್ಲಿಷರು ಯಾಕೆ ಇಷ್ಟೊಂದು ಬರೆದರು ಎಂಬುದು. ಅವರ ಪ್ರಕಾರ, ತಾವೂ ಕಾಡುಜನರಂತೆ ಕೊಂದೆವಲ್ಲ ಎಂಬ ದಿಗಿಲನ್ನು ಅವರು ಬರೆದು ಕಳೆದುಕೊಂಡರು. ಅವರ ಪುಸ್ತಕಗಳಲ್ಲಿ ಸೋತವರು ಬರೀ ಕ್ರೂರಿಗಳಾಗಿ ಉಳಿದರು.

ಈ ಪುಸ್ತಕದ ಅತ್ಯುತ್ತಮ ಭಾಗ ಯುದ್ಧದ ನೂರೈವತ್ತು ವರ್ಷಗಳ ನಂತರದ್ದು. 1829ರಲ್ಲಿ ‘ಮೆಟಮೊರಾ’ ಎಂಬ ನಾಟಕ ರಂಗಕ್ಕೆ ಬಂತು. ಮೆಟಾಕಾಮನ ಪಾತ್ರವನ್ನು ಎಡ್ವಿನ್ ಫಾರೆಸ್ಟ್ ಎಂಬ ಪ್ರಸಿದ್ಧ ನಟ ಮಾಡುತ್ತಿದ್ದ. ನಾಯಕ ಸಾಯುವಾಗ ಬಿಳಿಯ ಪ್ರೇಕ್ಷಕರು ಕರಗಿಹೋಗುತ್ತಿದ್ದರು. ಮರುವರ್ಷವೇ, 1830ರಲ್ಲಿ, ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಆಚೆ ಅಟ್ಟುವ ಕಾಯ್ದೆ ಪಾಸಾಯಿತು. ಸತ್ತ ಇಂಡಿಯನ್ನನಿಗೆ ಅಳುವುದಕ್ಕೂ ಬದುಕಿದ್ದವನನ್ನು ಒಕ್ಕಲೆಬ್ಬಿಸುವುದಕ್ಕೂ ಯಾರಿಗೂ ವಿರೋಧ ಕಾಣಲಿಲ್ಲ.

ಬ್ರೂಕ್ಸ್ ಇದನ್ನೆಲ್ಲ ಅಲ್ಲಗಳೆಯುವುದಿಲ್ಲ. ಆದರೆ ಸೋತವರು ಮೂಕರಾಗಿದ್ದರೇ ಎಂದು ಅವರು ಕೇಳುತ್ತಾರೆ. ಜಮೀನಿನ ಕ್ರಯಪತ್ರಗಳು, ಅರ್ಜಿಗಳು, ಬಿಡುಗಡೆಯ ಮಾತುಕತೆಯ ಚೀಟಿಗಳು, ಊರು ಹೊಳೆಗಳ ಹಳೆಯ ಹೆಸರುಗಳು, ಇವುಗಳಲ್ಲಿ ಅವರ ಮಾತು ಇದೆ ಎನ್ನುತ್ತಾರೆ. ಹೀಗೆ ಹುಡುಕಿದಾಗ ಎದ್ದುಬರುವವಳು ವೀಟಮೂ. ಪೊಕಾಸೆಟ್ ಜನರ ನಾಯಕಿ. ಮೆಟಾಕಾಮನ ಹೆಂಡತಿಯ ಸೋದರಿ. ತನ್ನ ನೆಲವನ್ನು ಬೇರೆಯವರು ಮಾರಿದಾಗ ಪ್ಲಿಮತ್ ಕೋರ್ಟಿಗೆ ದೂರು ಕೊಟ್ಟವಳು. ಇವಳನ್ನು ನಡುವೆ ಇಟ್ಟು ನೋಡಿದರೆ, ಇದು ಒಬ್ಬ ‘ರಾಜ ಫಿಲಿಪ್’ನ ಬಂಡಾಯವಾಗಿ ಉಳಿಯದೆ ನೆಲದ ದಾವೆಯಾಗಿ ಕಾಣುತ್ತದೆ. ಫಿಲಿಪ್ ಎಂಬುದು ಮೆಟಾಕಾಮನಿಗೆ 1660ರಲ್ಲಿ ಇಂಗ್ಲಿಷರು ಇಟ್ಟ ಹೆಸರು.

ವೀಟಮೂ ನಮಗೆ ಹೆಚ್ಚಾಗಿ ಸಿಗುವುದು ಅವಳನ್ನು ದ್ವೇಷಿಸಿದ ಹೆಂಗಸೊಬ್ಬಳ ಬರಹದಲ್ಲಿ. ಪಾದ್ರಿಯ ಹೆಂಡತಿ ಮೇರಿ ರೋಲೆಂಡ್‌ಸನ್ 1676ರ ಫೆಬ್ರವರಿಯಲ್ಲಿ ಸೆರೆಯಾಗಿ ವೀಟಮೂಳ ಮನೆಯಾಳಾದಳು. ಗಾಯಗೊಂಡಿದ್ದ ಆರು ವರ್ಷದ ಮಗಳು ತೊಡೆಯ ಮೇಲೇ ಸತ್ತಳು. ಮೇ ತಿಂಗಳಲ್ಲಿ ಇಪ್ಪತ್ತು ಪೌಂಡ್ ಕೊಟ್ಟು ಅವಳನ್ನು ಬಿಡಿಸಿಕೊಳ್ಳಲಾಯಿತು. 1682ರಲ್ಲಿ ಅಚ್ಚಾದ ಅವಳ ಪುಸ್ತಕದಲ್ಲಿ ವೀಟಮೂಳ ಮಗುವೂ ಸಾಯುತ್ತದೆ. ತನ್ನ ಮಗಳಿಗಾಗಿ ಅಷ್ಟು ಅತ್ತವಳು ಈ ಸಾವಿನಿಂದ ಗುಡಿಸಲಲ್ಲಿ ಜಾಗವಾಯಿತೆಂದು ಬರೆದು ಮುಂದೆ ಹೋಗುತ್ತಾಳೆ. ಕಥೆ ಬರೆಯುವವರು ಇಂಥದ್ದನ್ನು ಕಲ್ಪಿಸಿಕೊಂಡು ಬರೆಯಲಾರರು. ಅದೇ ಪುಸ್ತಕದಲ್ಲಿ ಅವಳು ಮೆಟಾಕಾಮನ ಮಗನಿಗೊಂದು ಅಂಗಿ ಹೊಲಿದುಕೊಟ್ಟು ಒಂದು ಶಿಲ್ಲಿಂಗ್ ಪಡೆಯುತ್ತಾಳೆ. 1676ರ ಆಗಸ್ಟಿನಲ್ಲಿ ವೀಟಮೂ ನದಿಯಲ್ಲಿ ಮುಳುಗಿದಳು, ಮೆಟಾಕಾಮ್ ಗುಂಡಿಗೆ ಸತ್ತ. ಇಬ್ಬರ ತಲೆಗಳನ್ನೂ ಕಂಬಕ್ಕೇರಿಸಿದರು. ಸುಮಾರು ಒಂಬತ್ತು ವರ್ಷದ ಮಗನನ್ನು ಕೊಲ್ಲಬೇಕೋ ಬೇಡವೋ ಎಂದು ಪಾದ್ರಿಗಳು ಬೈಬಲ್ ತಿರುವಿ ಚರ್ಚಿಸಿದರು. ಕೊನೆಗೆ ಗುಲಾಮನಾಗಿ ಮಾರಿದರು.

ರೋಲೆಂಡ್‌ಸನ್ಳ ಪುಸ್ತಕಕ್ಕೆ ಕೇಂಬ್ರಿಜ್‌ನ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವನು ಜೇಮ್ಸ್ ಪ್ರಿಂಟರ್ ಎಂದು ವಿದ್ವಾಂಸರು ನಂಬುತ್ತಾರೆ. ಇವನೂ ಮೂಲನಿವಾಸಿ, ನಿಪ್ಮಕ್ ಕುಲದವನು. ಜಾನ್ ಎಲಿಯಟ್ 1663ರಲ್ಲಿ ವಾಂಪನೋಗ್ ಭಾಷೆಯಲ್ಲಿ ತಂದ ಬೈಬಲ್ಲಿಗೂ ಇದೇ ಕೈ ದುಡಿದಿತ್ತು. 1675ರಲ್ಲಿ ಮಾಡದ ಕೊಲೆಯ ಆರೋಪದ ಮೇಲೆ ಇವನನ್ನು ಬಾಸ್ಟನ್ನಿಗೆ ಎಳೆದೊಯ್ದರು, ಬಿಡುಗಡೆಯಾಯಿತು. ಆ ಅಕ್ಟೋಬರಿನಲ್ಲಿ, ಇಂಗ್ಲಿಷರ ಪರ ಇದ್ದ ಕ್ರೈಸ್ತ ಇಂಡಿಯನ್ನರನ್ನೇ ನೂರಾರು ಸಂಖ್ಯೆಯಲ್ಲಿ ಡೀರ್ ದ್ವೀಪಕ್ಕೆ ಸಾಗಿಸಿ ಚಳಿಗೆ ಬಿಟ್ಟರು. ಬಹಳ ಜನ ಹಸಿವಿನಿಂದ ಸತ್ತರು. ಮುಂದಿನ ತಿಂಗಳು ನಿಪ್ಮಕ್ ಯೋಧರು ಬಂದಾಗ ಜೇಮ್ಸ್ ಅವರೊಂದಿಗೆ ಹೋದ. ಇಂಗ್ಲಿಷರು ಇದನ್ನು ಧರ್ಮಭ್ರಷ್ಟತೆ ಎಂದರು. ಅವನು ಹೋದದ್ದು ಬಂಧುಬಳಗದ ಜತೆಗೆ, ಉಳಿದಿದ್ದ ದಾರಿ ದ್ವೀಪವೊಂದೇ ಎಂದು ಬ್ರೂಕ್ಸ್ ತೋರಿಸುತ್ತಾರೆ. ಲೆಪೋರ್ ಅವರಲ್ಲೂ ಜೇಮ್ಸ್ ಇದ್ದಾನೆ, ಆದರೆ ಅಲ್ಲಿ ಅವನು ಅಕ್ಷರದ ಕೇಡಿಗೆ ಒಂದು ಉದಾಹರಣೆ. ಬ್ರೂಕ್ಸ್ ಅವನಿಗೆ ಅಣ್ಣತಮ್ಮಂದಿರನ್ನೂ ಊರನ್ನೂ ಮರಳಿ ಕೊಡುತ್ತಾರೆ. ‘ನೀನು ಯಾರ ಕಡೆ?’ ಎಂಬ ಪ್ರಶ್ನೆಯೇ ಕೇಳುವವನ ಹೆದರಿಕೆಯಿಂದ ಹುಟ್ಟಿದ್ದು ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಬ್ರೂಕ್ಸ್ ಬಗ್ಗೆ ನನ್ನ ತಕರಾರೂ ಇದೆ. ದಾಖಲೆ ನಿಂತಲ್ಲಿ ಅವರು ಊಹೆಯಿಂದ ದೃಶ್ಯ ಕಟ್ಟುತ್ತಾರೆ. ಅದು ನಮ್ಮ ಕಸುಬು, ಬೇಡವೆನ್ನಲಾರೆ. ಆದರೆ ಅಂಥ ಕಡೆಗಳಲ್ಲಿ ಅವರ ಜನರೆಲ್ಲ ವಿವೇಕಿಗಳಾಗಿಬಿಡುತ್ತಾರೆ. ಸಿಟ್ಟು, ಸಣ್ಣತನ, ಸೇಡು ಇಂಗ್ಲಿಷರ ಪಾಲಿಗೆ ಉಳಿಯುತ್ತವೆ. ವೀಟಮೂ ಸೆರೆಯಾಳಿಗೆ ಕಪಾಳಕ್ಕೆ ಹೊಡೆದರೂ ಅವಳು ನನಗೆ ದೊಡ್ಡವಳೇ.

ಎಲಿಯಟ್‌ನ ಬೈಬಲ್ ಈಗ ಬೇರೆ ಕೆಲಸಕ್ಕೆ ಬಂದಿದೆ. ಆಡುವವರಿಲ್ಲದೆ ನಿಂತುಹೋಗಿದ್ದ ವಾಂಪನೋಗ್ ಭಾಷೆಯನ್ನು ಜೆಸ್ಸಿ ಲಿಟಲ್ ಡೋ ಬೇರ್ಡ್ 1990ರ ದಶಕದಿಂದ ಅದೇ ಬೈಬಲ್ಲು ಮತ್ತು ಹಳೆಯ ಕ್ರಯಪತ್ರಗಳ ನೆರವಿನಿಂದ ಮತ್ತೆ ಮಕ್ಕಳ ಬಾಯಿಗೆ ತಂದಿದ್ದಾರೆ. ಓದುವವರು ಮೊದಲು ರೋಲೆಂಡ್‌ಸನ್ಳ ಪುಸ್ತಕವನ್ನು ಓದಲಿ, ಅದು ಚಿಕ್ಕದು. ಆಮೇಲೆ ಲೆಪೋರ್. ಬ್ರೂಕ್ಸ್ ಓದುವಾಗ ನಕಾಶೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.