ಒಂದು ಲಾಕ್ ಕೊಡ್ರಿ

ಹುಮನಾಬಾದ್‌ನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ಸೈಕಲ್ ರಿಪೇರಿ ಅಂಗಡಿಯ ಮುಂದೆ ಅರ್ಧ ತಾಸು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಒಂದು ಚೈನ್ ಲಾಕ್ ಕೊಡ್ರಿ.' ಕಡಿದ ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿ ಅದು. ಯಾವ ಸೈಕಲ್‌ಗೆ ಎಂದು ಕೊಳ್ಳುವವ ಹೇಳುವುದಿಲ್ಲ, ಕೊಡುವವ ಕೇಳುವುದಿಲ್ಲ. ಡಬ್ಬಿಯಲ್ಲಿ ಕೈಗೆ ಸಿಕ್ಕಿದ ಲಾಕ್, ಪಿನ್ನು ತಳ್ಳುವ ಒಂದು ಸುಂಬಾ, ಸುತ್ತಿಗೆ, ಚೈನಿನ ಕೆಳಗೆ ಆಸರೆಗೆ ದಪ್ಪನೆಯ ನಟ್ಟು. ನಾಲ್ಕು ಪೆಟ್ಟು ಬಿದ್ದರೆ ಗಿರಾಕಿ ಸೈಕಲ್ ಹತ್ತಿ ಹೊರಟ. ಇಷ್ಟು ಸಲೀಸಾಗಿ ನಡೆಯುವ ಕೆಲಸವನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಬೇಕಾದ ಕಾಲ ಬಂದಿದೆ ಎಂಬುದು ನನ್ನ ತಕರಾರು.

ಮೊದಲು ಈ ಪದ್ಧತಿಯ ಹಿರಿಮೆಯನ್ನು ಒಪ್ಪಿಕೊಳ್ಳೋಣ. ಮ್ಯಾಂಚೆಸ್ಟರ್‌ನಲ್ಲಿ ಹಾನ್ಸ್ ರೆನಾಲ್ಡ್ ಎಂಬಾತ 1880ರಲ್ಲಿ ಪೇಟೆಂಟ್ ಪಡೆದ ರೋಲರ್ ಚೈನಿನ ಮೂಲ ವಿನ್ಯಾಸ ಇಂದಿಗೂ ಬದಲಾಗಿಲ್ಲ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ನಮ್ಮ ಅಪ್ಪಂದಿರು ತುಳಿದ ಸೋನಿಪತ್‌ನ ಅಟ್ಲಾಸ್, ಲುಧಿಯಾನಾದ ಹೀರೋ ಸೈಕಲ್‌ಗಳಿಗೆಲ್ಲ ಒಂದೇ ನಮೂನೆಯ ಚೈನು: ಒಳಗಿನ ಅಗಲ ಅಂಗುಲದ ಎಂಟನೆಯ ಒಂದು ಭಾಗ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡಲು ಆರಂಭಿಸಿ, ಕೋವಿಡ್ ನಂತರ ನಿಲ್ಲಿಸಿದ ಸೈಕಲ್‌ಗಳೂ ಒಂಟಿ ಹಲ್ಲುಚಕ್ರದವೇ. ಹೀಗಿರುವಾಗ 'ಒಂದು ಲಾಕ್' ಎಂದರೆ ಸಾಕಿತ್ತು, ಏಕೆಂದರೆ ಇದ್ದದ್ದೇ ಒಂದು. ಪ್ಲೇಟು ದಪ್ಪ, ಪಿನ್ನು ಉದ್ದ. ಸುಂಬಾ ಏಟು ತುಸು ಓರೆಯಾದರೂ ಚೈನು ತಾಳಿಕೊಳ್ಳುತ್ತಿತ್ತು. ಬೇವಿನ ನೆರಳಲ್ಲಿ ಎರಡು ಸಾಮಾನು ಇಟ್ಟುಕೊಂಡು ಊರಿಡೀ ಸೈಕಲ್ ಓಡಿಸಿದ ಮಿಸ್ತ್ರಿಯ ಕೈಚಳಕವನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಚೈನು ಕಡಿಯುವುದು ಎಲ್ಲಿ ಎಂಬುದನ್ನು ಗಮನಿಸಿ. ಅರವತ್ತು ಕಿಲೋ ತೂಕದ ಮನುಷ್ಯ ಪೆಡಲ್ ಮೇಲೆ ನಿಂತು ತುಳಿದಾಗ, 170 ಮಿ.ಮೀ. ಕ್ರ್ಯಾಂಕು ಮತ್ತು 48 ಹಲ್ಲಿನ ಮುಂಚಕ್ರದ ಲೆಕ್ಕದಲ್ಲಿ, ಚೈನಿನ ಮೇಲೆ ಬೀಳುವ ಎಳೆತ ನೂರು ಕಿಲೋ ದಾಟುತ್ತದೆ. ಒಳ್ಳೆಯ ಚೈನು ಸುಮಾರು ಎಂಟುನೂರು ಕಿಲೋ ಭಾರಕ್ಕೂ ಜಗ್ಗುವುದಿಲ್ಲ. ಕಾಲಿನ ಬಲಕ್ಕೆ ಅದು ಹರಿಯುವ ಮಾತೇ ಇಲ್ಲ. ಆದರೂ ಏರಿನಲ್ಲಿ 'ಟಪ್' ಎಂದು ಬಿಚ್ಚಿಕೊಳ್ಳುತ್ತದಲ್ಲ, ಅದು ಬಹುಪಾಲು ನಾವು ಕೈಯಾರೆ ಜೋಡಿಸಿದ ಜಾಗದಲ್ಲೇ. ಬಸವಣ್ಣನ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನಿದ್ದ. ಹಗ್ಗಕ್ಕೆ ಒಂದು ಸೌಜನ್ಯವಿದೆ: ಎಳೆ ಎಳೆಯಾಗಿ ಸವೆದು, ಹರಿಯುವ ಮೊದಲೇ ಸೂಚನೆ ಕೊಡುತ್ತದೆ. ಚೈನಿಗೆ ಆ ಸೌಜನ್ಯವಿಲ್ಲ. ನೂರು ಕಡಿ ಗಟ್ಟಿಯಿದ್ದು ಒಂದು ಸಡಿಲವಾಗಿದ್ದರೆ, ಆ ಒಂದೇ ಕಡಿಯ ಯೋಗ್ಯತೆ ಇಡೀ ಚೈನಿನ ಯೋಗ್ಯತೆ.

ಹಾಗಾಗಿ ಲಾಕಿನಿಂದಲೇ ಶುರುಮಾಡೋಣ. ಹಳೆಯ ಸೈಕಲ್ಲಿನ ಲಾಕಿಗೆ ಮೂರು ಭಾಗ: ಎರಡು ಪಿನ್ನಿರುವ ಒಂದು ಪ್ಲೇಟು, ಬಿಡಿ ಪ್ಲೇಟು, ಮೇಲೆ ಸ್ಪ್ರಿಂಗ್ ಕ್ಲಿಪ್ಪು. ಕ್ಲಿಪ್ಪಿನ ಆಕಾರ ಮೀನಿನಂತೆ. ಮುಚ್ಚಿದ ತುದಿ ತಲೆ, ಸೀಳಿದ ತುದಿ ಬಾಲ. ಚೈನು ಚಲಿಸುವ ದಿಕ್ಕಿಗೆ ತಲೆ ಇರಬೇಕು. ಅಂದರೆ ಚೈನಿನ ಮೇಲಿನ ಎಳೆಯಲ್ಲಿ ಮೀನು ಮುಂಚಕ್ರದ ಕಡೆಗೆ ಈಜಬೇಕು. ತಿರುಗುಮುರುಗಾಗಿ ಹಾಕಿದರೆ ಚೈನ್ ಕವರಿಗೋ ಕಡ್ಡಿಗೋ ಸೀಳು ತುದಿ ತಾಗಿ ಕ್ಲಿಪ್ಪು ಜಾರುತ್ತದೆ. ಇದು ಬಲ್ಲ ಮಿಸ್ತ್ರಿಗಳು ಇದ್ದಾರೆ. ಆದರೆ ಬಿಚ್ಚಿದ ಹಳೆಯ ಕ್ಲಿಪ್ಪನ್ನೇ ಪಕ್ಕಡಿನಿಂದ ಅದುಮಿ ಮತ್ತೆ ಕೂರಿಸುವ ಉಳಿತಾಯ ಮಾತ್ರ ಎಲ್ಲರಲ್ಲೂ ಇದೆ. ಒಮ್ಮೆ ಹಿಗ್ಗಿದ ಕ್ಲಿಪ್ಪಿಗೆ ಹಿಡಿತ ಮರಳುವುದಿಲ್ಲ. ಹೊಸ ಲಾಕಿನ ಬೆಲೆ ಅಷ್ಟು ಹೆಚ್ಚೇನಲ್ಲ, ಇದು ಲೋಭವೂ ಅಲ್ಲ, ಬರೀ ಅಭ್ಯಾಸ.

ಲಾಕು ಸಿಗದಾಗ ಬರುವ ಎರಡನೆಯ ಉಪಾಯ ಇನ್ನೂ ಅಪಾಯದ್ದು: ಹಳೆಯ ಪಿನ್ನನ್ನೇ ತೂರಿ ಬಡಿಯುವುದು. ಕಾರ್ಖಾನೆಯಲ್ಲಿ ಪಿನ್ನಿನ ಎರಡೂ ತುದಿಗಳನ್ನು ಅರಳಿಸಿರುತ್ತಾರೆ. ಸುಂಬಾ ಹಾಕಿ ಹೊರದೂಡಿದಾಗ ಆ ಅರಳಿದ ಅಂಚು ಪ್ಲೇಟಿನ ತೂತನ್ನು ಕೆತ್ತಿಕೊಂಡು ಬರುತ್ತದೆ. ಮತ್ತೆ ಅದೇ ಪಿನ್ನು, ಅದೇ ಹಿಗ್ಗಿದ ತೂತು. ದಪ್ಪ ಚೈನು ಇದನ್ನೂ ಒಂದಷ್ಟು ದಿನ ಸಹಿಸಿತು, ತೆಳುವಾದ ಗೇರ್ ಚೈನು ಸಹಿಸದು. ಇಲ್ಲಿ ಸುತ್ತಿಗೆಯ ಬದಲು ಚೈನ್ ಕಟರ್ ಎಂಬ ಅಂಗೈಯಗಲದ ಸಲಕರಣೆ ಬೇಕು. ಚೈನನ್ನು ಅದರ ಕಚ್ಚಿನಲ್ಲಿ ಕೂರಿಸಿ ತಿರುಪು ತಿರುಗಿಸಿದರೆ ಪಿನ್ನು ನೇರವಾಗಿ, ನಿಧಾನವಾಗಿ ಹೊರಬರುತ್ತದೆ. ಪ್ಲೇಟು ಸೊಟ್ಟಗಾಗುವುದಿಲ್ಲ, ಕಡಿ ಬಿಗಿಯಾಗಿ ಹಲ್ಲಿನ ಮೇಲೆ ಕುಣಿಯುವುದಿಲ್ಲ. ಕೊಳ್ಳುವಾಗ ಒತ್ತುವ ತುದಿ ಬಾಗದಷ್ಟು ಗಟ್ಟಿಯಿದೆಯೇ, ತುದಿ ಬದಲಿಸಲು ಬರುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಜನಪ್ರಿಯ ತಪ್ಪು. ಚೈನು ಜೋತುಬಿದ್ದರೆ 'ಲಾಂಬಾಗೇತಿ, ಒಂದು ಕಡಿ ತೆಗಿ' ಎನ್ನುತ್ತೇವೆ. ಉಕ್ಕು ಹಿಗ್ಗಿ ಉದ್ದವಾದದ್ದಲ್ಲ ಅದು. ಪ್ರತಿ ಪಿನ್ನೂ ತನ್ನ ಗೂಡಿನಲ್ಲಿ ಕೂದಲೆಳೆಯಷ್ಟು ಸವೆದು, ನೂರು ಕಡಿಗಳ ಸವೆತ ಸೇರಿ ಅಂಗುಲವಾಗುತ್ತದೆ. ಕಡಿ ತೆಗೆದರೆ ಜೋತು ಹೋಯಿತು. ಉಳಿದ ಕಡಿಗಳ ಅಂತರ ಅರ್ಧ ಅಂಗುಲ ಮೀರಿದ್ದು ಹಾಗೇ ಉಳಿಯಿತು. ಆ ಚೈನು ಫ್ರೀವೀಲಿನ ಹಲ್ಲನ್ನು ತನ್ನ ಅಳತೆಗೆ ತಕ್ಕಂತೆ ತಿನ್ನತೊಡಗುತ್ತದೆ. ಕೊನೆಗೊಂದು ದಿನ ಹೊಸ ಚೈನು ಹಾಕಿದರೆ ಆ ಹಲ್ಲಿನ ಮೇಲೆ ಅದು ನಿಲ್ಲದೆ ಹಾರುತ್ತದೆ, ಬೈಗುಳ ಹೊಸ ಚೈನಿಗೆ ಬೀಳುತ್ತದೆ. ಇದಕ್ಕೆ ಪರೀಕ್ಷೆ ಶಾಲಾಚೀಲದಲ್ಲೇ ಇದೆ. ಅಡಿಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿಯಿರಿ. 24 ಕಡಿ ಎಣಿಸಿದರೆ ಮುಂದಿನ ಪಿನ್ನಿನ ನಡು ಸರಿಯಾಗಿ 12 ಅಂಗುಲಕ್ಕೆ ಬರಬೇಕು. ಅದನ್ನು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ದಾಟಿತೆಂದರೆ ಚೈನು ಬದಲಿಸಿ. ಎಂಟನೆಯ ಒಂದು ಭಾಗದಷ್ಟು ದಾಟಿದ್ದರೆ ಫ್ರೀವೀಲಿನ ಹಣವನ್ನೂ ಜೇಬಿನಲ್ಲಿಟ್ಟುಕೊಳ್ಳಿ.

ನಮ್ಮ ಸೀಮೆಯಲ್ಲಿ ಸವೆತ ಬೇಗ. ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬುಮಣ್ಣಿನ ಧೂಳು ಅರದಂತೆ ಕೆಲಸ ಮಾಡುತ್ತದೆ. ಅದಕ್ಕೆ ಜೊತೆಯಾಗಿ, ಲಾರಿ ಗ್ಯಾರೇಜುಗಳಲ್ಲಿ ಪುಕ್ಕಟೆ ಸಿಗುವ ಕಪ್ಪು ಎಂಜಿನ್ ಎಣ್ಣೆಯನ್ನು ಚೈನಿಗೆ ಸುರಿಯುತ್ತೇವೆ. ಎಂಜಿನ್ನಿನಿಂದ ಬಂದ ಲೋಹದ ಪುಡಿ ಅದರಲ್ಲೇ ಇದೆ, ಮೇಲೆ ಧೂಳು ಅಂಟುತ್ತದೆ. ಹೊಸ ತೆಳು ಎಣ್ಣೆಯ ಒಂದೊಂದು ತೊಟ್ಟು ರೋಲರಿಗೆ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಒರೆಸುವುದು ಮೇಲು.

ಇನ್ನು ಗೇರ್ ಸೈಕಲ್. ಬೆಳಗಿನ ಹೊತ್ತು ಪುಣೆ–ಹೈದರಾಬಾದ್ ಹೆದ್ದಾರಿಯ ಅಂಚಿನಲ್ಲಿ ಹುಮನಾಬಾದ್‌ನಿಂದ ರಾಜೇಶ್ವರದ ಕಡೆಗೆ ಹುಡುಗರು ತುಳಿಯುವ ಈ ಸೈಕಲ್‌ಗಳಲ್ಲೇ ಹಳೆಯ ಪದ್ಧತಿ ಸೋಲುವುದು. ಇವುಗಳ ಚೈನಿನ ಒಳ ಅಗಲ ಕಡಿಮೆ, ಹೊರ ಅಗಲವಂತೂ ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಏರಿದಂತೆ ಇಳಿಯುತ್ತದೆ. ಆರು, ಏಳು, ಎಂಟು ಚಕ್ರಗಳಿಗೆ ಸುಮಾರು 7 ಮಿ.ಮೀ. ಚೈನು, ಒಂದೇ ಬಗೆಯ ಲಾಕು. ಒಂಬತ್ತಕ್ಕೆ ಬೇರೆ, ಹತ್ತಕ್ಕೆ ಬೇರೆ, ಹನ್ನೊಂದಕ್ಕೆ ಸುಮಾರು 5.5 ಮಿ.ಮೀ. ಮಾತ್ರ. ಹಳೆಯ ಸ್ಪ್ರಿಂಗ್ ಕ್ಲಿಪ್ಪನ್ನು ಇಲ್ಲಿ ಹಾಕಿದರೆ ಅದರ ಉಬ್ಬು ಗೇರ್ ಬದಲಿಸುವ ಪಂಜರಕ್ಕೆ ತಾಗುತ್ತದೆ. ಬೇಕಾದದ್ದು ಎರಡು ಅರ್ಧಗಳು ಒಂದರೊಳಗೊಂದು ಜಾರಿ ಕೂರುವ ಕ್ವಿಕ್ ಲಿಂಕ್. ಅದನ್ನು ಚೈನಿನ ಮೇಲಿನ ಎಳೆಗೆ ತಂದು, ಹಿಂದಿನ ಬ್ರೇಕ್ ಹಿಡಿದು, ಪೆಡಲ್ ಬಲವಾಗಿ ಒತ್ತಿದರೆ 'ಟಕ್' ಎಂದು ಕೂರುತ್ತದೆ. ಸುತ್ತಿಗೆಗೆ ಅಲ್ಲಿ ಕೆಲಸವಿಲ್ಲ. ಎಂಟು ಚಕ್ರದವರೆಗಿನ ಲಿಂಕುಗಳನ್ನು ಸಾಮಾನ್ಯವಾಗಿ ಬಿಚ್ಚಿ ಮತ್ತೆ ಹಾಕಬಹುದು. ಹತ್ತರಿಂದ ಮೇಲಿನವುಗಳಲ್ಲಿ ಅನೇಕವು ಒಮ್ಮೆ ಮಾತ್ರ ಬಳಸುವಂಥವು.

'ಇಷ್ಟೆಲ್ಲ ಸಲಕರಣೆ ಇಟ್ಟರೆ ಗಿರಾಕಿ ಹೆಚ್ಚು ಕೊಡ್ತಾನೇನು?' ಎಂದು ಮಿಸ್ತ್ರಿ ಕೇಳಿದರೆ ಅವನ ಮಾತಿನಲ್ಲಿ ನ್ಯಾಯವಿದೆ. ಪಂಕ್ಚರಿಗೂ ಚೌಕಾಸಿ ಮಾಡುವ ನಾವು ಕೆಲಸದ ಗುಣಕ್ಕೆ ಬೆಲೆ ಕಟ್ಟಿಲ್ಲ. ತಪ್ಪಿನ ಅರ್ಧಪಾಲು ನಮ್ಮದು. ಕ್ವಿಕ್ ಲಿಂಕ್ ಬಿಚ್ಚುವ ವಿಶೇಷ ಪಕ್ಕಡ ಸದ್ಯಕ್ಕೆ ಬೇಡ. ಲಿಂಕಿನ ಎರಡೂ ಬದಿಗೆ ಬೂಟಿನ ಲೇಸು ಪೋಣಿಸಿ ಎಳೆದರೂ ಅದು ತೆರೆದುಕೊಳ್ಳುವುದುಂಟು. ಆದರೆ ಚೈನ್ ಕಟರಿಗೆ ಬದಲಿಲ್ಲ.

ನನ್ನ ತೀರ್ಪು ಇಷ್ಟು: ಒಂಟಿ ಹಲ್ಲುಚಕ್ರದ ಹಳೆಯ ಸೈಕಲ್‌ಗೆ ಸುಂಬಾ–ಸುತ್ತಿಗೆ ಇನ್ನೂ ನಡೆಯುತ್ತದೆ, ಕ್ಲಿಪ್ಪು ಮಾತ್ರ ಹೊಸದಿರಲಿ, ಮೀನಿನ ತಲೆ ಮುಂದಿರಲಿ. ಗೇರ್ ಸೈಕಲ್‌ಗೆ ಆ ಜೋಡಿ ಬೇಡವೇ ಬೇಡ. ಅಂಗಡಿಗೊಂದು ಕಟರು, ಒಂದು ಅಡಿಪಟ್ಟಿ, ಅಳತೆವಾರು ವಿಂಗಡಿಸಿದ ಲಾಕಿನ ಡಬ್ಬಿ ಇದ್ದರೆ ಮಿಸ್ತ್ರಿಯ ಹೊಣೆ ತೀರಿತು. ನಮ್ಮ ಹೊಣೆ ಇನ್ನೂ ಸಣ್ಣದು. ಮುಂದಿನ ಸಲ 'ಒಂದು ಲಾಕ್ ಕೊಡ್ರಿ' ಎನ್ನುವ ಮೊದಲು ಬಗ್ಗಿ, ಹಿಂದಿನ ಗಾಲಿಯ ಹಲ್ಲುಚಕ್ರಗಳನ್ನು ಎಣಿಸಿ ಹೇಳಿ.