ಕಬ್ಬಿನ ಬಿಲ್ಲಿಗೆ ತಿಂಗಳ ಕಂತು

ಗೃಹಸಾಲದ ಅರ್ಜಿ ತೂಗುವ ಪದ್ಧತಿ ರೂಪುಗೊಂಡದ್ದು ಸಂಬಳದಾರರಿಗಾಗಿ. ಸಂಬಳದ ಚೀಟಿ, ಫಾರ್ಮ್ 16, ಒಳ್ಳೆಯ ಸಿಬಿಲ್ ಅಂಕ ಇದ್ದರೆ ಕಡತ ಸಲೀಸಾಗಿ ಮುಂದೆ ಸರಿಯುತ್ತದೆ. ಇದೇ ಪದ್ಧತಿ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಸಾಲ ತೀರಿಸಬಲ್ಲ ಕುಟುಂಬಗಳನ್ನೂ ಹೊರಗಿಡುತ್ತದೆ. ತೀರಿಸುವ ಶಕ್ತಿಯನ್ನು ನೋಡಬೇಕಾದವರು ಸಂಬಳದ ಕಾಗದವನ್ನಷ್ಟೇ ನೋಡುತ್ತಿದ್ದಾರೆ ಎಂಬುದು ನನ್ನ ಆಕ್ಷೇಪ.

ರಬಕವಿ-ಬನಹಟ್ಟಿಯ ನೇಕಾರನಿಗೆ ಮಜೂರಿ ಸಿಗುವುದು ನೇಯ್ದ ಸೀರೆಯ ಲೆಕ್ಕದಲ್ಲಿ. ಮಾರುಕಟ್ಟೆ ಬಿದ್ದರೆ, ಕರೆಂಟು ಕೈಕೊಟ್ಟರೆ ಗಳಿಕೆ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಮಗ್ಗವೂ ಸಂಸಾರವೂ ಒಂದೇ ಸೂರಿನಡಿ ಇರುವುದರಿಂದ ಒಳ್ಳೆಯ ಮನೆಯೆಂದರೆ ಹೆಚ್ಚಿನ ಗಳಿಕೆ. ಅರ್ಜಿಯಲ್ಲಿ ಆ ಲೆಕ್ಕಕ್ಕೆ ಜಾಗವಿಲ್ಲ. ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರನ ಹಣ ಬರುವುದು ಹಂಗಾಮಿನಲ್ಲಿ. ಕಬ್ಬು ಪೂರೈಸಿದ 14 ದಿನದೊಳಗೆ ಬಿಲ್ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾರ್ಖಾನೆ ತಡಮಾಡಿದರೆ ಕಂತು ತಪ್ಪುವುದು ರೈತನದು, ಅಂಕ ಇಳಿಯುವುದೂ ಅವನದೇ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರ ಸೇರಿದ ಬೀಳಗಿ ಭಾಗದವರದು ಬೇರೆ ತೊಡಕು: ಹಕ್ಕುಪತ್ರದ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗದಿದ್ದರೆ, ಆದಾಯ ಎಷ್ಟಿದ್ದರೂ ಮನೆಯನ್ನು ಅಡವಿಡಲಾಗದು.

ಅಂಕ ಪದ್ಧತಿಯನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. 300ರಿಂದ 900ರವರೆಗಿನ ಈ ಅಂಕ ಜಾತಿ ಕೇಳುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಸಂಘದ ಸಾಲಗಳಲ್ಲಿ ಆಗಲೇ ಸಿಲುಕಿದ ಕುಟುಂಬಕ್ಕೆ ಮತ್ತೊಂದು ಹೊರೆ ಬೀಳದಂತೆಯೂ ತಡೆಯಬಲ್ಲದು. ಆದರೆ ಎಂದೂ ಸಾಲ ಮಾಡದವರನ್ನು ಸಾಲ ಮುಳುಗಿಸಿದವರ ಪಕ್ಕದಲ್ಲಿ ನಿಲ್ಲಿಸುವುದು ಅನ್ಯಾಯ. ವರ್ಷಗಟ್ಟಲೆ ತಪ್ಪದೆ ಬಾಡಿಗೆ ಕಟ್ಟಿದ ಶಿಸ್ತು ಸಾಮಾನ್ಯವಾಗಿ ಯಾವ ವರದಿಗೂ ಸೇರುವುದಿಲ್ಲ. ಸಾಲದ ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ. ಕನಿಷ್ಠ ಅಂಕವನ್ನೂ ಅದು ಗೊತ್ತುಮಾಡಿಲ್ಲ. ಈ ಮಾತು ತಾಲ್ಲೂಕಿನ ಶಾಖೆಗಳ ಮೇಜಿನವರೆಗೆ ಇಳಿಯಬೇಕು.

2024ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0, ವರ್ಷಕ್ಕೆ 9 ಲಕ್ಷದವರೆಗೆ ಆದಾಯವುಳ್ಳವರ 25 ಲಕ್ಷದವರೆಗಿನ ಸಾಲದಲ್ಲಿ ಮೊದಲ 8 ಲಕ್ಷಕ್ಕೆ ಶೇ 4ರ ಬಡ್ಡಿ ಸಹಾಯಧನ ಕೊಡುತ್ತದೆ; ಒಟ್ಟು 1.80 ಲಕ್ಷ ರೂಪಾಯಿವರೆಗೆ. ಉದ್ದೇಶ ಒಳ್ಳೆಯದು. ಆದರೆ ಈ ಬಡ್ಡಿ ನೆರವು ತಲುಪುವುದು ಸಾಲ ಮಂಜೂರಾದವರಿಗೆ ಮಾತ್ರ. ಬ್ಯಾಂಕಿನ ಬಾಗಿಲಲ್ಲೇ ನಿಂತ ನೇಕಾರನಿಗೆ ಬಡ್ಡಿಯ ರಿಯಾಯಿತಿಯಿಂದ ಆಗುವುದೇನು?

ಸಾಲಗಾರರೂ ಮಾಡಬೇಕಾದದ್ದಿದೆ. ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಂದಲೂ ವರ್ಷಕ್ಕೊಮ್ಮೆ ಉಚಿತವಾಗಿ ವರದಿ ಪಡೆಯಬಹುದು. ತೀರಿದ ಸಾಲ ಬಾಕಿಯೆಂದು ತೋರಿಸಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಯಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು.

ಉಳಿದದ್ದು ಬ್ಯಾಂಕುಗಳ ಪಾಲಿನ ಕೆಲಸ. ಕಾರ್ಖಾನೆಯ ಕಬ್ಬಿನ ಬಿಲ್, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ (ಪಿಕೆಪಿಎಸ್) ಸಾಲ ತೀರಿಸಿದ ರಸೀದಿ, ನೇಕಾರ ಸಂಘದ ಮಜೂರಿ ಲೆಕ್ಕ ಇವೆಲ್ಲ ಆದಾಯದ ಪುರಾವೆಗಳೇ. ಮರುಪಾವತಿಯನ್ನು ಹಂಗಾಮಿಗೆ ಹೊಂದಿಸುವುದೂ ಅವರಿಗೆ ಹೊಸತಲ್ಲ, ಬೆಳೆಸಾಲದಲ್ಲಿ ಅದನ್ನೇ ಮಾಡುತ್ತಾರೆ. ಅದೇ ರೈತ ಮನೆ ಕಟ್ಟಲು ಸಾಲ ಕೇಳಿದಾಗ ತಿಂಗಳ ಕಂತೇ ಬೇಕೆಂದು ಪಟ್ಟು ಹಿಡಿಯುವುದಕ್ಕೆ ಸಮರ್ಥನೆ ಇಲ್ಲ.